ನೂರಕ್ಕೆ ನೂರು ಎಂಬ ಮಾಯೆ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನವೇ ನಮ್ಮ ಊರುಗಳ ಬಸ್ ನಿಲ್ದಾಣಗಳ ಎದುರಿಗೂ ಪೇಟೆಯ ಚೌಕಗಳಲ್ಲಿಯೂ ದೊಡ್ಡ ದೊಡ್ಡ ಫಲಕಗಳು ಮೇಲೇಳುತ್ತವೆ. ಹತ್ತು ಹನ್ನೆರಡು ಮಕ್ಕಳ ಭಾವಚಿತ್ರ, ಅವುಗಳ ಕೆಳಗೆ ಅಂಕಗಳು, ಎಲ್ಲಕ್ಕೂ ಮೇಲೆ ಕೆಂಪು ಅಕ್ಷರಗಳಲ್ಲಿ “ನಮ್ಮ ಶಾಲೆಗೆ ನೂರಕ್ಕೆ ನೂರು ಫಲಿತಾಂಶ” ಎಂಬ ಘೋಷಣೆ. ತಂದೆತಾಯಿಗಳು ಆ ಫಲಕವನ್ನು ನೋಡಿ ಶಾಲೆಯನ್ನು ಆರಿಸುತ್ತಾರೆ. ಆಡಳಿತ ಮಂಡಳಿಗಳು ಅದನ್ನು ನೋಡಿ ಮುಖ್ಯೋಪಾಧ್ಯಾಯರನ್ನು ಹೊಗಳುತ್ತವೆ ಅಥವಾ ಹಳಿಯುತ್ತವೆ. ಇಲಾಖೆ ಅದೇ ಸಂಖ್ಯೆಯನ್ನು ಹಿಡಿದು ಜಿಲ್ಲೆಗಳನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತದೆ. ಆದರೆ ಆ ನೂರು ಯಾವ ನೂರು? ಯಾರನ್ನು ಎಣಿಸಿ ಬಂದ ನೂರು, ಯಾರನ್ನು ಬಿಟ್ಟು ಬಂದ ನೂರು? ಈ ಪ್ರಶ್ನೆಯನ್ನು ಕೇಳುವವರು ಮಾತ್ರ ವಿರಳ. ಅದನ್ನು ಕೇಳುವುದಕ್ಕಾಗಿಯೇ ಈ ಲೇಖನ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಪರೀಕ್ಷೆಯೇ ಬೇಡವೆಂಬುದು ನಮ್ಮ ವಾದವಲ್ಲ. ಕಲಿತದ್ದು ಕಲಿತಂತಿದೆಯೇ ಎಂದು ಒರೆಗೆ ಹಚ್ಚಿ ನೋಡುವುದು ಗುರುವಿನ ಕರ್ತವ್ಯ. ಅದರಲ್ಲಿಯೂ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯನ್ನಿಡುವ ಸಾರ್ವತ್ರಿಕ ಪರೀಕ್ಷೆ ಬಡವರ ಪಾಲಿಗೆ ಉಪಕಾರಿಯಾದುದೇ ಹೌದು. ಉತ್ತರಪತ್ರಿಕೆಯನ್ನು ತಿದ್ದುವ ಉಪಾಧ್ಯಾಯನಿಗೆ ಅದನ್ನು ಬರೆದವನು ದೇಸಾಯರ ಮಗನೋ ಜೀತದಾಳಿನ ಮಗನೋ ತಿಳಿಯದು. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಅದೊಂದೇ ಮೆಟ್ಟಿಲನ್ನು ಹತ್ತಿ ಇಂದಿನ ಸ್ಥಾನಕ್ಕೆ ಬಂದವರು. ಆದ್ದರಿಂದ ನಮ್ಮ ಜಗಳ ಪರೀಕ್ಷೆಯೊಡನೆ ಅಲ್ಲ. ಪರೀಕ್ಷೆಯ ಫಲಿತಾಂಶವನ್ನು ಶಾಲೆಗಳು ಬಳಸಿಕೊಳ್ಳುತ್ತಿರುವ ರೀತಿಯೊಡನೆ. ಮಗುವಿನ ಕೊರತೆಯನ್ನು ಕಂಡು ತುಂಬಿಕೊಡುವುದಕ್ಕೆಂದು ಇದ್ದ ಉಪಕರಣ, ಕೊರತೆಯುಳ್ಳ ಮಗುವನ್ನೇ ಹೊರಗೆ ಹಾಕುವ ಜರಡಿಯಾಗಿ ಪರಿಣಮಿಸಿದೆ.

ಶೇಕಡಾವಾರು ಎಂಬುದು ಒಂದು ಭಿನ್ನರಾಶಿ. ಮೇಲಿನ ಅಂಕೆ ಉತ್ತೀರ್ಣರಾದವರದು, ಕೆಳಗಿನ ಅಂಕೆ ಪರೀಕ್ಷೆಗೆ ಕುಳಿತವರದು. ಇದನ್ನು ಹೆಚ್ಚಿಸಲು ಎರಡು ಮಾರ್ಗಗಳಿವೆ. ಚೆನ್ನಾಗಿ ಬೋಧಿಸಿ ಅಂಶವನ್ನು ಹೆಚ್ಚಿಸುವುದು ಒಂದು; ಸೋಲಬಹುದಾದ ಮಕ್ಕಳನ್ನು ಮೊದಲೇ ತೆಗೆದುಹಾಕಿ ಛೇದವನ್ನು ಕುಗ್ಗಿಸುವುದು ಇನ್ನೊಂದು. ಮೊದಲನೆಯದು ವರ್ಷಾನುಗಟ್ಟಲೆ ಬೆವರು ಸುರಿಸುವ ಕಾಯಕ. ಎರಡನೆಯದು ಒಂದು ಮಧ್ಯಾಹ್ನದ ಕೆಲಸ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ನೂರು ಮಕ್ಕಳು ಸೇರಿದರು, ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರು ಅರವತ್ತು, ಅರವತ್ತೂ ತೇರ್ಗಡೆ. ಫಲಿತಾಂಶ ನೂರಕ್ಕೆ ನೂರು. ಪಕ್ಕದ ಊರಿನ ಇನ್ನೊಂದು ಶಾಲೆಗೂ ನೂರೇ ಮಕ್ಕಳು ಸೇರಿದರು; ಪರೀಕ್ಷೆಗೆ ಕುಳಿತವರು ತೊಂಬತ್ತೈದು; ತೇರ್ಗಡೆಯಾದವರು ಎಪ್ಪತ್ತಾರು. ಫಲಿತಾಂಶ ಶೇ. ೮೦. ನೂರು ಮಕ್ಕಳಲ್ಲಿ ಅರವತ್ತು ಜನರನ್ನು ದಡ ಸೇರಿಸಿದ ಶಾಲೆಗೆ ಫಲಕ ಮತ್ತು ಪ್ರಶಸ್ತಿ. ಎಪ್ಪತ್ತಾರು ಜನರನ್ನು ದಡ ಸೇರಿಸಿದ ಶಾಲೆಗೆ ಕಾರಣ ಕೇಳುವ ನೋಟೀಸು! ಇದಕ್ಕಿಂತ ದೊಡ್ಡ ವಿಪರ್ಯಾಸ ಮತ್ತಾವುದಿದ್ದೀತು?

ಹಾಗಾದರೆ ಉಳಿದ ಆ ನಲವತ್ತು ಮಕ್ಕಳು ಎಲ್ಲಿ ಹೋದರು? ಶಾಲೆಗಳ ಒಳಹೊಕ್ಕು ಬಲ್ಲವರಿಗೆ ಇದು ಗುಟ್ಟೇನಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆ ಎಂಟನೆಯ ತರಗತಿಯವರೆಗೆ ಮಾತ್ರ. ಒಂಬತ್ತನೆಯ ತರಗತಿಗೆ ಕಾಲಿಟ್ಟೊಡನೆ ಮಗುವಿನ ತಲೆಯ ಮೇಲಿನ ಆ ನೆರಳು ಸರಿದುಹೋಗುತ್ತದೆ. ಜರಡಿ ಆಡತೊಡಗುವುದು ಅಲ್ಲಿಯೇ. ಹತ್ತನೆಯ ತರಗತಿಯಲ್ಲಿ ಸೋಲಬಹುದೆಂಬ ಅನುಮಾನವಿರುವ ಹುಡುಗನನ್ನು ಒಂಬತ್ತರಲ್ಲಿಯೇ ಅನುತ್ತೀರ್ಣಗೊಳಿಸುವುದು. ಅವನ ತಂದೆಯನ್ನು ಕರೆಸಿ “ಇಲ್ಲಿ ಇವನಿಗೆ ಕಷ್ಟ, ವರ್ಗಾವಣೆ ಪತ್ರ ಒಯ್ಯಿರಿ, ಬೇರೆ ಶಾಲೆಯಲ್ಲಿ ಪಾಸು ಮಾಡುತ್ತಾರೆ” ಎಂದು ಉಪದೇಶಿಸುವುದು. ಅದಕ್ಕೂ ಒಪ್ಪದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸುವುದು. ಖಾಸಗಿ ಅಭ್ಯರ್ಥಿ ಸೋತರೆ ಆ ಸೋಲು ಶಾಲೆಯ ಲೆಕ್ಕಕ್ಕೆ ಬರುವುದಿಲ್ಲವಷ್ಟೆ! ಇನ್ನು ಕೆಲವು ಶಾಲೆಗಳು ಈ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ಎಂಟನೆಯ ತರಗತಿಯ ಬಾಗಿಲಿನಲ್ಲಿಯೇ ಪ್ರವೇಶ ಪರೀಕ್ಷೆಯನ್ನಿಟ್ಟು ಕಲಿಯಬಲ್ಲವರನ್ನು ಮಾತ್ರ ಆರಿಸಿಕೊಂಡು, ಎರಡು ವರ್ಷಗಳ ಬಳಿಕ ಅವರು ಕಲಿತುದನ್ನು ತಮ್ಮ ಸಾಧನೆಯೆಂದು ಸಾರುತ್ತವೆ. ಆರೋಗ್ಯವಂತರನ್ನು ಮಾತ್ರ ಸೇರಿಸಿಕೊಳ್ಳುವ ಆಸ್ಪತ್ರೆ ತನ್ನಲ್ಲಿ ಯಾರೂ ಸಾಯುವುದಿಲ್ಲವೆಂದು ಡಂಗುರ ಹೊಡೆದರೆ ನಾವು ನಗುತ್ತೇವೆ. ಶಾಲೆಯೊಂದು ಹಾಗೆ ಮಾಡಿದರೆ ಮಾತ್ರ ಚಪ್ಪಾಳೆ ತಟ್ಟುತ್ತೇವೆ.

ಹೀಗೆ ಹೊರಬಿದ್ದ ಮಕ್ಕಳು ಯಾರವರು? ಸುಗ್ಗಿಯ ಕಾಲಕ್ಕೆ ತಂದೆತಾಯಿಗಳೊಡನೆ ಗುಳೆ ಹೋಗಿ ಎರಡು ತಿಂಗಳು ಶಾಲೆ ತಪ್ಪಿಸಿಕೊಂಡವರು. ಮನೆಯಲ್ಲಿ ಓದಿಸುವವರು ಯಾರೂ ಇಲ್ಲದವರು. ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತ ಒಲೆಯ ಮುಂದೆ ಕುಳಿತು ಪಾಠ ಓದಬೇಕಾದ ಹೆಣ್ಣುಮಕ್ಕಳು. ಒಂಬತ್ತರಲ್ಲಿ ನಿಂತ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದು ಅಪರೂಪ. ಅವಳ ಮದುವೆಯ ಮಾತು ಅಂದಿನಿಂದಲೇ ಆರಂಭವಾಗುತ್ತದೆ. ಶಾಲೆಯ ಶೇಕಡಾವಾರು ಎರಡು ಅಂಶ ಮೇಲೇರಿತು. ಒಂದು ಬಾಳು ಕೆಳಗಿಳಿಯಿತು. ಈ ಕೊಡುಕೊಳ್ಳುವಿಕೆಯ ಲೆಕ್ಕವನ್ನು ಯಾವ ವಾರ್ಷಿಕ ವರದಿಯಲ್ಲಿಯೂ ನಾವು ಕಾಣುವುದಿಲ್ಲ.

ಜರಡಿಯಲ್ಲಿ ಉಳಿದ ಮಕ್ಕಳಿಗಾದರೂ ವಿದ್ಯೆ ದೊರೆಯುತ್ತಿದೆಯೇ? ಅದೂ ಸಂದೇಹ. ಒಂಬತ್ತನೆಯ ತರಗತಿಯ ನಡುವಿನಲ್ಲಿಯೇ ಹತ್ತನೆಯ ಪಾಠಗಳು ಆರಂಭ. ಚಿತ್ರಕಲೆ, ತೋಟಗಾರಿಕೆ, ಆಟಗಳ ಅವಧಿಗಳು ಗಣಿತ-ವಿಜ್ಞಾನಗಳ ಪಾಲು. ಹಿಂದುಳಿದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನ ಕೆಲವೇ ಪುಟಗಳ ಹೊತ್ತಿಗೆ. ಇಂತಿಷ್ಟು ಪ್ರಶ್ನೆ, ಇಂತಿಷ್ಟು ಚಿತ್ರ, ಇಂತಿಷ್ಟು ಸೂತ್ರ. ಬಾಯಿಪಾಠ ಮಾಡಿದರೆ ಉತ್ತೀರ್ಣತೆ ಖಚಿತ. ಒಂದು ಆಸರೆಯಾಗಿ ಇದು ತಪ್ಪಲ್ಲವೆಂದು ಉಪಾಧ್ಯಾಯರು ಹೇಳಿಯಾರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಹತ್ತು ವರ್ಷಗಳ ಶಾಲಾಜೀವನದ ಸಾರವೆಲ್ಲ ಈ ಕೆಲವು ಪುಟಗಳಿಗೆ ಇಳಿದ ಮೇಲೆ ಬಾಲಕನ ಕೈಯಲ್ಲಿ ಉಳಿಯುವುದು ಅಂಕಪಟ್ಟಿಯೇ ಹೊರತು ವಿದ್ಯೆಯಲ್ಲ.

ಅಂಕೆಗಳನ್ನೇ ನಂಬುವವರು ಅಂಕೆಗಳ ಕಥೆಯನ್ನೇ ಕೇಳಲಿ. ಮಹಾಮಾರಿಯ ಕಾಲದ ೨೦೨೧ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಜುಲೈ ತಿಂಗಳಿನ ಎರಡೇ ದಿನಗಳಲ್ಲಿ, ಉತ್ತರವನ್ನು ಗುರುತಿಸುವ ಮಾದರಿಯಲ್ಲಿ ನಡೆಸಲಾಯಿತು. ಬರೆದವರು ಬಹುತೇಕ ಎಲ್ಲರೂ ಉತ್ತೀರ್ಣರು. ೨೦೨೨ರಲ್ಲಿ ಶೇ. ೮೫.೬೩, ೨೦೨೩ರಲ್ಲಿ ಶೇ. ೮೩.೮೯. ೨೦೨೪ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದಿತು, ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ಕುಳಿತಲ್ಲಿಂದಲೇ ನೋಡುವ ವ್ಯವಸ್ಥೆಯಾಯಿತು. ಆ ವರ್ಷ ಕೃಪಾಂಕದ ಮಿತಿಯನ್ನು ಶೇ. ೧೦ರಿಂದ ೨೦ಕ್ಕೆ ಏರಿಸಿದ ಮೇಲೆಯೂ ಫಲಿತಾಂಶ ಶೇ. ೭೩.೪೦ಕ್ಕೆ ಇಳಿಯಿತು. ೨೦೨೫ರಲ್ಲಿ ಆ ಹೆಚ್ಚಿನ ಕೃಪಾಂಕವೂ ಇಲ್ಲವಾಗಿ ಮೊದಲ ಪರೀಕ್ಷೆಯ ಫಲಿತಾಂಶ ಶೇ. ೬೬.೧೪ ಆಯಿತು. ಈ ನಾಲ್ಕು ವರ್ಷಗಳಲ್ಲಿ ನಮ್ಮ ಉಪಾಧ್ಯಾಯರು ಪಾಠ ಹೇಳುವುದನ್ನು ಮರೆತರೇ? ನಮ್ಮ ಮಕ್ಕಳ ಬುದ್ಧಿ ಮಂಕಾಯಿತೇ? ಎರಡೂ ಅಲ್ಲ. ಬದಲಾದುದು ಅಳೆಯುವ ಕೋಲು. ೨೦೨೩ರಲ್ಲಿ ಶೇ. ೯೬.೮೦ರೊಡನೆ ರಾಜ್ಯಕ್ಕೇ ಮೊದಲನೆಯದಾಗಿದ್ದ ಚಿತ್ರದುರ್ಗ ಜಿಲ್ಲೆ ೨೦೨೪ರಲ್ಲಿ ಇಪ್ಪತ್ತೊಂದನೆಯ ಸ್ಥಾನಕ್ಕೆ ಸರಿಯಿತು. ಹನ್ನೆರಡು ತಿಂಗಳಲ್ಲಿ ಒಂದು ಜಿಲ್ಲೆಯ ವಿದ್ಯೆ ಅಷ್ಟು ಕೆಳಗೆ ಜಾರುವುದು ಸಾಧ್ಯವೇ? ೨೦೨೫ರ ಅಕ್ಟೋಬರಿನಲ್ಲಿ ಸರ್ಕಾರ ಉತ್ತೀರ್ಣತೆಯ ಮಟ್ಟವನ್ನು ಶೇ. ೩೫ರಿಂದ ೩೩ಕ್ಕೆ ಇಳಿಸುವ ನಿರ್ಧಾರವನ್ನು ಪ್ರಕಟಿಸಿತು. ಕೋಲನ್ನು ಹೀಗೆ ಉದ್ದ-ಗಿಡ್ಡ ಮಾಡುತ್ತ ಹೋಗುವಾಗ ಅದರಿಂದ ಬಂದ ಅಳತೆಯನ್ನು ಶಾಲೆಯ ಯೋಗ್ಯತೆಯೆಂದು ಹಣೆಗೆ ಕಟ್ಟುವುದು ನ್ಯಾಯವಲ್ಲ.

ಕ್ಯಾಮರಾ ಬಂದೊಡನೆ ಫಲಿತಾಂಶ ಕುಸಿಯಿತೆಂದರೆ ಹಿಂದೆ ನಕಲು ನಡೆಯುತ್ತಿತ್ತೆಂದೇ ಅರ್ಥವಲ್ಲವೇ ಎಂದು ಕೇಳುವವರುಂಟು. ಹೌದು, ಅನೇಕ ಕಡೆ ನಡೆಯುತ್ತಿತ್ತು. ಆದರೆ ಆ ನಕಲಿನ ಕರ್ತೃ ಯಾರು? ಹದಿನೈದರ ಹುಡುಗ ಚೀಟಿ ಬರೆದುಕೊಂಡು ಬಂದಾನು. ಇಡೀ ಕೊಠಡಿಗೆ ಉತ್ತರ ಒದಗಿಸುವ ಶಕ್ತಿ ಅವನಿಗಿಲ್ಲ. ಶಾಲೆಯ ಮಾನವನ್ನು ಒಂದೇ ಸಂಖ್ಯೆಗೆ ಕಟ್ಟಿದಾಗ, ಆ ಸಂಖ್ಯೆಯನ್ನು ಉಳಿಸುವುದಕ್ಕಾಗಿ ಹಿರಿಯರೇ ಅಡ್ಡದಾರಿಗೆ ಕಣ್ಣು ಮುಚ್ಚುತ್ತಾರೆ. ಸತ್ಯವನ್ನು ಕಲಿಸಬೇಕಾದ ಸ್ಥಳದಲ್ಲಿ ಮಗು ಕಲಿಯುವ ಕೊನೆಯ ಪಾಠ ಅಸತ್ಯದ್ದಾಗುತ್ತದೆ. ಕ್ಯಾಮರಾ ಕೈಯನ್ನು ಕಟ್ಟಿಹಾಕೀತು. ಕೈ ಅಲ್ಲಿಗೆ ಹೋಗಲು ಕಾರಣವಾದ ಆಸೆಯನ್ನು ಕಟ್ಟಿಹಾಕಲಾರದು.

ಈ ವ್ಯಾಧಿ ಇಂದಿನದೂ ಅಲ್ಲ, ನಮ್ಮ ನಾಡಿನದು ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ೧೮೬೨ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ ‘ಫಲಿತಾಂಶಕ್ಕೆ ತಕ್ಕ ಹಣ’ ಎಂಬ ಪದ್ಧತಿಯನ್ನು ತಂದನು. ಇನ್‌ಸ್ಪೆಕ್ಟರು ಬಂದು ಓದು, ಬರಹ, ಲೆಕ್ಕ ಈ ಮೂರರಲ್ಲಿ ಮಕ್ಕಳನ್ನು ಪರೀಕ್ಷಿಸುವುದು. ಒಂದೊಂದು ವಿಷಯದಲ್ಲಿ ಒಂದೊಂದು ಮಗು ಸೋತಂತೆಲ್ಲ ಶಾಲೆಯ ಅನುದಾನದಲ್ಲಿ ಇಂತಿಷ್ಟು ಶಿಲಿಂಗ್ ಕಡಿತ. ಪರಿಣಾಮವೇನಾಯಿತು? ಪರೀಕ್ಷೆಗಿಲ್ಲದ ವಿಷಯಗಳು ಶಾಲೆಯಿಂದ ಮಾಯವಾದವು. ಮಕ್ಕಳು ವರ್ಷವಿಡೀ ಒಂದೇ ಪುಸ್ತಕವನ್ನು ಬಾಯಿಪಾಠ ಮಾಡಿದರು. ಕವಿಯೂ ವಿಮರ್ಶಕನೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ತಾನೇ ಶಾಲಾ ಇನ್‌ಸ್ಪೆಕ್ಟರನಾಗಿದ್ದವನು. ನಿಜವಾಗಿ ಓದಲು ಬರೆಯಲು ಬಾರದ ಮಕ್ಕಳನ್ನೂ ಈ ಪರೀಕ್ಷೆಯಲ್ಲಿ ದಾಟಿಸಬಹುದೆಂದು ಅವನು ತನ್ನ ವರದಿಯಲ್ಲಿ ಎಚ್ಚರಿಸಿದನು. ಮೂರು ದಶಕಗಳಿಗೂ ಮಿಕ್ಕಿದ ಅನುಭವದ ಬಳಿಕ ಇಂಗ್ಲೆಂಡು ಆ ಪದ್ಧತಿಯನ್ನು ಕೈಬಿಟ್ಟಿತು. ಆಂಗ್ಲರ ಆಳಿಕೆಯಲ್ಲಿ ಅದು ಮುಂಬಯಿ ಪ್ರಾಂತಕ್ಕೂ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಯಪುರಗಳು ಆಗ ಆ ಪ್ರಾಂತದಲ್ಲಿಯೇ ಇದ್ದವು.

ಇತ್ತೀಚಿನ ನಿದರ್ಶನವನ್ನು ಬೇಕೆನ್ನುವವರು ಅಮೆರಿಕೆಯ ಕಡೆಗೆ ನೋಡಬಹುದು. ೨೦೦೨ರಲ್ಲಿ ಜಾರಿಗೆ ಬಂದ ಅಲ್ಲಿಯ ಕಾಯಿದೆಯೊಂದು ಪ್ರತಿಯೊಂದು ಶಾಲೆಯೂ ವರ್ಷದಿಂದ ವರ್ಷಕ್ಕೆ ಪರೀಕ್ಷಾಂಕಗಳನ್ನು ಹೆಚ್ಚಿಸಲೇಬೇಕೆಂದು ಕಟ್ಟುಮಾಡಿತು. ತಪ್ಪಿದ ಶಾಲೆಗಳಿಗೆ ಶಿಕ್ಷೆ. ಅಟ್ಲಾಂಟಾ ನಗರದ ಶಾಲೆಗಳ ಅಂಕಗಳು ಅದ್ಭುತವೆನ್ನುವಂತೆ ಏರಿದವು, ದೇಶವೆಲ್ಲ ಕೊಂಡಾಡಿತು. ೨೦೧೧ರಲ್ಲಿ ರಾಜ್ಯ ಸರ್ಕಾರದ ತನಿಖೆ ಹೊರಬಿದ್ದಾಗ ಕಂಡುದೇನು? ೪೪ ಶಾಲೆಗಳಲ್ಲಿ ೧೭೮ ಮಂದಿ ಶಿಕ್ಷಕರು ಮತ್ತು ಮುಖ್ಯೋಪಾಧ್ಯಾಯರು ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ಸರಿಯುತ್ತರ ಗುರುತಿಸುವಂತಹ ಕೃತ್ಯಗಳಲ್ಲಿ ತೊಡಗಿದ್ದರು. ೨೦೧೫ರಲ್ಲಿ ಅವರಲ್ಲಿ ಹನ್ನೊಂದು ಮಂದಿ ನ್ಯಾಯಾಲಯದಲ್ಲಿ ಅಪರಾಧಿಗಳೆಂದು ನಿರ್ಣಯಿಸಲ್ಪಟ್ಟರು. ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ ೧೯೭೦ರ ದಶಕದಲ್ಲಿಯೇ ಈ ಅಪಾಯವನ್ನು ಸೂತ್ರರೂಪವಾಗಿ ಹೇಳಿದ್ದನು: ಯಾವ ಅಳತೆಯನ್ನು ಅಧಿಕಾರದ ನಿರ್ಣಯಗಳಿಗೆ ಹೆಚ್ಚು ಹೆಚ್ಚು ಆಧಾರವಾಗಿಸುತ್ತೇವೆಯೋ ಆ ಅಳತೆ ಅಷ್ಟಷ್ಟು ಕೆಡುತ್ತದೆ, ತಾನು ಅಳೆಯಬೇಕಾದುದನ್ನೂ ಕೆಡಿಸುತ್ತದೆ ಎಂಬುದು ಅದರ ತಾತ್ಪರ್ಯ. ದೊಡ್ಡ ದೊಡ್ಡ ದೇಶಗಳು ದಂಡ ತೆತ್ತು ಕಲಿತ ಈ ಪಾಠವನ್ನು ನಾವು ಪುಕ್ಕಟೆಯಾಗಿ ಕಲಿಯಬಹುದಾಗಿತ್ತು. ಆದರೆ ಕಡಿಮೆ ಫಲಿತಾಂಶ ಬಂದ ಶಾಲೆಗೆ ನೋಟೀಸು, ಅನುದಾನ ತಡೆಯುವ ಬೆದರಿಕೆ ಎಂಬ ರಾಬರ್ಟ್ ಲೋನ ಹಳೆಯ ಕೋಲನ್ನೇ ನಮ್ಮವರು ಇನ್ನೂ ಬೀಸುತ್ತಿದ್ದಾರೆ.

ಜಿಲ್ಲೆಗಳ ಪಟ್ಟಿಯನ್ನೇ ನೋಡಿರಿ. ೨೦೨೫ರಲ್ಲಿ ದಕ್ಷಿಣ ಕನ್ನಡ ಶೇ. ೯೧.೧೨, ಕಲಬುರಗಿ ಶೇ. ೪೨.೪೩. ಈ ಎರಡು ಅಂಕೆಗಳ ನಡುವಿನ ಅಂತರ ಒಂದು ವರ್ಷದ ಸೋಮಾರಿತನದಿಂದ ಹುಟ್ಟಿದುದಲ್ಲ. ಒಂದೆಡೆ ಒಂದೂವರೆ ಶತಮಾನಕ್ಕೂ ಮಿಕ್ಕಿ ಬೆಳೆದು ಬಂದ ಶಾಲೆಗಳ ಪರಂಪರೆ; ಇನ್ನೊಂದೆಡೆ ನಿಜಾಮರ ಆಳಿಕೆಯಲ್ಲಿ ಕನ್ನಡ ಶಾಲೆಯೇ ಅಪರೂಪವಾಗಿದ್ದ ನೆಲ. ಆ ಭಾಗದ ಹಿಂದುಳಿದಿರುವಿಕೆಯನ್ನು ನಂಜುಂಡಪ್ಪ ಸಮಿತಿ ೨೦೦೨ರಲ್ಲಿ ಲೆಕ್ಕಹಾಕಿ ತೋರಿಸಿತು. ಅದಕ್ಕೆಂದೇ ಸಂವಿಧಾನದಲ್ಲಿ ೩೭೧ಜೆ ವಿಧಿ ಸೇರಿತು. ಕೆಳಗಿನ ಸ್ಥಾನ ಬಂದ ಜಿಲ್ಲೆಗೆ ಆ ಸಂಖ್ಯೆಯನ್ನು ಮುಂದಿಟ್ಟು ಹೆಚ್ಚು ಉಪಾಧ್ಯಾಯರನ್ನು ಕೊಟ್ಟರೆ ಅದು ಫಲಿತಾಂಶದ ಸದುಪಯೋಗ. ಅದೇ ಸಂಖ್ಯೆಯಿಂದ ಅಲ್ಲಿಯ ಮಕ್ಕಳನ್ನೂ ಉಪಾಧ್ಯಾಯರನ್ನೂ ನಾಡಿನ ಮುಂದೆ ತಲೆ ತಗ್ಗಿಸುವಂತೆ ಮಾಡಿದರೆ ಅದು ದುರುಪಯೋಗ.

ಹತ್ತನೆಯ ತರಗತಿಯ ಈ ಹುಚ್ಚು ಸಾಲದೆಂಬಂತೆ ಅದನ್ನು ಎಳೆಯ ಮಕ್ಕಳವರೆಗೂ ಒಯ್ಯುವ ಪ್ರಯತ್ನ ನಮ್ಮ ರಾಜ್ಯದಲ್ಲಿಯೇ ನಡೆಯಿತು. ೨೦೨೩–೨೪ನೆಯ ಸಾಲಿನಲ್ಲಿ ೫, ೮ ಮತ್ತು ೯ನೆಯ ತರಗತಿಗಳಿಗೂ ಮಂಡಳಿಯ ಮೂಲಕ ಪರೀಕ್ಷೆಯಿಡಲು ಸರ್ಕಾರ ಹೊರಟಾಗ ವಿವಾದ ಉಚ್ಚ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಒಮ್ಮೆ ರದ್ದು, ಒಮ್ಮೆ ತಡೆ, ಒಮ್ಮೆ ಅನುಮತಿ. ನಡುವೆಯೇ ಪರೀಕ್ಷೆ ಆರಂಭವಾಗಿ ನಿಂತು ಮತ್ತೆ ನಡೆಯಿತು. ಕಟ್ಟಕಡೆಗೆ ೨೦೨೪ರ ಏಪ್ರಿಲ್ ೮ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶಗಳ ಪ್ರಕಟಣೆಗೆ ತಡೆಯಾಜ್ಞೆ ನೀಡಿತು. ಹತ್ತು ವರ್ಷದ ಮಗು ನಾಳೆ ಪರೀಕ್ಷೆಯಿದೆಯೋ ಇಲ್ಲವೋ ಎಂದು ತಿಳಿಯದೆ ಪುಸ್ತಕ ಹಿಡಿದು ಕುಳಿತ ಆ ದಿನಗಳನ್ನು ಯಾರೂ ಮರೆಯಬಾರದು.

ಇಲ್ಲಿ ವಿರೋಧಿಗಳ ವಾದವೊಂದನ್ನು ನ್ಯಾಯವಾಗಿ ಎದುರಿಸಬೇಕು. “ಫಲಿತಾಂಶದ ಭಯವಿಲ್ಲದಿದ್ದರೆ ಉಪಾಧ್ಯಾಯರು ಕೆಲಸ ಮಾಡುವುದಿಲ್ಲ. ಮಕ್ಕಳು ಏನು ಕಲಿತಿದ್ದಾರೆಂದು ತಿಳಿಯುವುದಾದರೂ ಹೇಗೆ?” ಎಂದು ಅವರು ಕೇಳುತ್ತಾರೆ. ತಿಳಿಯುವುದಕ್ಕೆ ಬೇರೆ ದಾರಿಯಿದೆ. ೨೦೦೫ರಿಂದ ಪ್ರಥಮ್ ಸಂಸ್ಥೆಯವರು ‘ಅಸರ್’ ಎಂಬ ಹೆಸರಿನಲ್ಲಿ ಹಳ್ಳಿಹಳ್ಳಿಯ ಮನೆಗಳಿಗೆ ಹೋಗಿ ಕೆಲವೇ ಮಕ್ಕಳಿಂದ ಒಂದು ಸಣ್ಣ ಕಥೆಯನ್ನು ಓದಿಸಿ, ಒಂದು ಸುಲಭವಾದ ಲೆಕ್ಕವನ್ನು ಮಾಡಿಸಿ ನೋಡುತ್ತ ಬಂದಿದ್ದಾರೆ. ಅಲ್ಲಿ ಮಗುವಿನ ಹೆಸರಿಲ್ಲ, ಶಾಲೆಯ ಹೆಸರಿಲ್ಲ, ಬಹುಮಾನವೂ ಇಲ್ಲ, ದಂಡವೂ ಇಲ್ಲ. ಆದುದರಿಂದಲೇ ಅಲ್ಲಿ ಸುಳ್ಳಿಗೆ ಕಾರಣವಿಲ್ಲ. ಐದನೆಯ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ದೇಶದಲ್ಲಿ ಅರ್ಧದಷ್ಟೂ ಇಲ್ಲವೆಂಬ ಕಹಿ ಸತ್ಯ ೨೦೨೪ರ ವರದಿಯಲ್ಲಿಯೂ ಹೊರಬಂದುದು ಇಂತಹ ಪರೀಕ್ಷೆಯಿಂದ. ಫಲಕಗಳ ಮೇಲಿನ ನೂರಕ್ಕೆ ನೂರರಿಂದಲ್ಲ. ಇನ್ನು ಭಯದ ಮಾತು. ಭಯದಿಂದ ಹಾಜರಿ ಹುಟ್ಟೀತು, ಬೋಧನೆ ಹುಟ್ಟದು. ಹಿಂದುಳಿದ ಮಗುವನ್ನು ಕಂಡಾಗ ಉಪಾಧ್ಯಾಯನ ಮನಸ್ಸಿನಲ್ಲಿ “ಇವನಿಗೆ ಹೇಗೆ ಕಲಿಸಲಿ?” ಎಂಬ ಪ್ರಶ್ನೆ ಏಳಬೇಕು. ಶೇಕಡಾವಾರಿನ ಭಯ ಎಬ್ಬಿಸುವ ಪ್ರಶ್ನೆಯಾದರೋ “ಇವನನ್ನು ಹೇಗೆ ಕಳೆದುಕೊಳ್ಳಲಿ?” ಎಂಬುದು.

ಇದುವರೆಗೆ ಸರ್ಕಾರಕ್ಕೂ ಸಮಾಜಕ್ಕೂ ಹೇಳಿದುದಾಯಿತು. ಇನ್ನು ನಮ್ಮ ಮನೆಯ ಮಾತು. ಮಠಗಳು ನಡೆಸುವ ಶಾಲೆಗಳು ಈ ಮಾಯೆಯಿಂದ ಮುಕ್ತವಾಗಿವೆಯೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೇ? ಮೈಸೂರಿನಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ೧೯೪೧ರಲ್ಲಿ ವಿದ್ಯಾರ್ಥಿನಿಲಯ ತೆರೆದುದು, ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದು ನಾಡಿಗೆಲ್ಲ ತಿಳಿದ ವಿಷಯ. ಆ ಸ್ಥಾನಗಳ ಹೆಸರು ಜನಮನದಲ್ಲಿ ನೆಲೆಸಿರುವುದು ಅಲ್ಲಿಯ ಫಲಿತಾಂಶದ ಶೇಕಡಾವಾರಿನಿಂದಲ್ಲ, ಬಾಗಿಲನ್ನು ತೆರೆದಿಟ್ಟುದರಿಂದ. ದಾಸೋಹದ ಪಂಕ್ತಿಯಲ್ಲಿ ಕುಳಿತವನಿಗೆ “ನಿನ್ನ ಅಂಕವೆಷ್ಟು?” ಎಂದು ಯಾರೂ ಕೇಳುವುದಿಲ್ಲ. ಅನ್ನದ ಪಂಕ್ತಿಯಲ್ಲಿ ಕೇಳದ ಪ್ರಶ್ನೆಯನ್ನು ಅಕ್ಷರದ ಬಾಗಿಲಿನಲ್ಲಿ ಕೇಳುವುದು ಯಾವ ನ್ಯಾಯ? ಆದರೆ ಇಂದು ನಮ್ಮವೇ ಆದ ಹಲವು ಸಂಸ್ಥೆಗಳ ಪ್ರವೇಶ ಪ್ರಕಟಣೆಗಳಲ್ಲಿ “ಶೇ. ೮೫ಕ್ಕಿಂತ ಕಡಿಮೆ ಅಂಕದವರು ಅರ್ಜಿ ಸಲ್ಲಿಸತಕ್ಕದ್ದಲ್ಲ” ಎಂಬಂತಹ ಸಾಲುಗಳು ಕಾಣತೊಡಗಿವೆ. ಮಠದ ಭಕ್ತನ ಮಗನೇ ಮಠದ ಶಾಲೆಯ ಬಾಗಿಲಿನಿಂದ ಹಿಂದಿರುಗುವ ಕಾಲ ಬಂದಿದೆ. ಎಲ್ಲಿಯೂ ಸಲ್ಲದವರಿಗೆ ಸಲ್ಲುವ ಸ್ಥಳವಾಗಬೇಕಾದುದು ಎಲ್ಲೆಲ್ಲಿಯೂ ಸಲ್ಲುವವರ ಸ್ಪರ್ಧಾಕಣವಾದರೆ ಮಠದ ಶಾಲೆಗೂ ಅಂಗಡಿಯ ಶಾಲೆಗೂ ಭೇದವೇನು ಉಳಿಯಿತು?

ಆದ್ದರಿಂದ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿಯೂ ಸದ್ಭಕ್ತರಲ್ಲಿಯೂ ನಮ್ಮ ವಿನಂತಿ ಇಷ್ಟೇ. ಇನ್ನು ಮುಂದೆ ಶಾಲೆಯ ವಾರ್ಷಿಕ ಸಭೆಗೆ ಹೋದಾಗ “ಈ ಸಲ ಎಷ್ಟು ಪರ್ಸೆಂಟ್?” ಎಂದು ಕೇಳಬೇಡಿರಿ. ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಎರಡು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿದ್ದವು? ಅವರಲ್ಲಿ ಈ ವರ್ಷ ಹತ್ತನೆಯ ತರಗತಿಯ ಪರೀಕ್ಷೆ ಬರೆದವರೆಷ್ಟು? ವರ್ಷದ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಅವರಲ್ಲಿ ಉತ್ತೀರ್ಣರಾದವರೆಷ್ಟು? ಉಳಿದವರು ಈಗ ಎಲ್ಲಿದ್ದಾರೆ? ಮೂರನೆಯ ಪ್ರಶ್ನೆಗೆ ವಿಶೇಷ ಕಾರಣವುಂಟು. ೨೦೨೪ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು ಉತ್ತಮವಾದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವನ್ನು ಮಂಡಳಿ ಕಲ್ಪಿಸಿದೆ. ಇದು ಮಕ್ಕಳ ಪರವಾದ ಒಳ್ಳೆಯ ಸುಧಾರಣೆ. ಆದರೆ ಮೊದಲ ಪರೀಕ್ಷೆಯ ಶೇಕಡಾವಾರು ಪ್ರಕಟವಾದೊಡನೆ ಶಾಲೆಗಳ ಉತ್ಸಾಹವೆಲ್ಲ ಮುಗಿದುಹೋಗುತ್ತದೆ. ಮುಂದಿನ ಪರೀಕ್ಷೆಗೆ ಕುಳಿತ ಮಗುವಿಗೆ ಪಾಠ ಹೇಳುವವರು ಯಾರೂ ಇರುವುದಿಲ್ಲ. ಬೇಸಿಗೆಯ ರಜೆಯಲ್ಲಿ ಆ ಮಕ್ಕಳನ್ನು ಕೂಡಿಸಿಕೊಂಡು ಓದಿಸುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳ ಸಂಘಗಳು ಕೈಗೊಂಡರೆ ಸನ್ಮಾನ ಸಮಾರಂಭಗಳಿಗೆ ಮಾಡುವ ವೆಚ್ಚ ಸಾರ್ಥಕವಾದೀತು.

ಆಡಳಿತ ಮಂಡಳಿಗಳಿಗೂ ಒಂದು ಮಾತು. ಒಂಬತ್ತನೆಯ ತರಗತಿಯಿಂದ ಯಾವುದೇ ಮಗುವಿಗೆ ವರ್ಗಾವಣೆ ಪತ್ರ ಕೊಡುವ ಮುನ್ನ ಅದರ ಕಾರಣವನ್ನು ಮಂಡಳಿಯ ಸಭೆಯಲ್ಲಿ ಬರೆದಿಡಿರಿ. ಪ್ರವೇಶಕ್ಕೆ ಅಂಕದ ಮಿತಿಯನ್ನು ತೆಗೆದುಹಾಕಿರಿ. ಮೆರವಣಿಗೆಯ ಫಲಕಕ್ಕೆ ಕೊಡುವ ಹಣದಿಂದ ಹಿಂದುಳಿದ ಮಕ್ಕಳಿಗೆ ಒಬ್ಬ ಉಪಾಧ್ಯಾಯರನ್ನು ಹೆಚ್ಚಾಗಿ ನೇಮಿಸಿರಿ. ಹೀಗೆ ಮಾಡಿದರೆ ನಿಮ್ಮ ಶಾಲೆಯ ಫಲಿತಾಂಶ ನೂರರಿಂದ ಎಂಬತ್ತಕ್ಕೆ ಇಳಿಯಬಹುದು. ಇಳಿಯಲಿ. ಆ ಇಳಿಕೆಯಲ್ಲಿ ಅವಮಾನವೇನೂ ಇಲ್ಲ. ನಲವತ್ತು ಮಕ್ಕಳನ್ನು ಹೊರದೂಡಿ ಗಳಿಸಿದ ನೂರಕ್ಕಿಂತ, ಎಲ್ಲರನ್ನೂ ಒಳಗಿಟ್ಟುಕೊಂಡು ಬೆವರಿ ಗಳಿಸಿದ ಎಂಬತ್ತು ಮಠಕ್ಕೂ ಒಪ್ಪುತ್ತದೆ, ಮಕ್ಕಳಿಗೂ ಒದಗುತ್ತದೆ.